16 ಬೈಟಿನಲ್ಲಿ ಶಿರಸಿ ಹಿಡಿಯಿತು, ಕಾರವಾರ ಹಿಡಿಯಲಿಲ್ಲ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು. ಮನೆಯಿಂದಲೇ ಕೆಲಸ ಮಾಡುತ್ತೇನೆ. ಬಿಡುವಿನಲ್ಲಿ, ಸಿ ಭಾಷೆಯಲ್ಲಿರುವ ಒಂದು ಓಪನ್ ಸೋರ್ಸ್ ತಂತ್ರಾಂಶಕ್ಕೆ ಕನ್ನಡದ ಊರು, ತಾಲ್ಲೂಕುಗಳ ಹೆಸರು ಓದುವ ಭಾಗ ಬರೆದು ಕಳಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್, ಜಿಸಿಸಿ ಕಂಪೈಲರ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಸಾಧನ) ಇದೆ. ಅಲ್ಲಿ ಎಲ್ಲ ಸರಿಯಾಗಿ ಓಡುತ್ತದೆ. ಆದರೆ ಆ ತಂತ್ರಾಂಶ ನೋಡಿಕೊಳ್ಳುವವರು ವಾಪಸ್ ಕಳಿಸಿದ್ದಾರೆ. ಕ್ಲ್ಯಾಂಗ್ ಕಂಪೈಲರಿನಲ್ಲಿ ಊರು, ತಾಲ್ಲೂಕು ಅದಲು ಬದಲಾಗುತ್ತದಂತೆ. ಓಡುವಾಗಲೇ ತಪ್ಪು ಹಿಡಿಯುವ ಸ್ಯಾನಿಟೈಸರ್ ಎಂಬ ತಪಾಸಣೆ ಹಾಕಿದರೆ ನಿಂತೇ ಹೋಗುತ್ತದಂತೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಕನ್ನಡವನ್ನೇ ಗುರುತಿಸುವುದಿಲ್ಲವಂತೆ. ತಪ್ಪು ಕಂಪೈಲರಿನದೇ ಇರಬಹುದಲ್ವಾ? ಇಷ್ಟೆಲ್ಲ ಕಡೆ ನಾನು ಪರೀಕ್ಷೆ ಮಾಡುವುದು ಹೇಗೆ? ನನ್ನದು 8 ಜಿಬಿ ರ‍್ಯಾಮಿನ ಹಳೆ ಯಂತ್ರ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡನ್ನೂ ನೆಚ್ಚುವ ಹಾಗಿಲ್ಲ. ಮೆಮೊರಿಯ ತಪ್ಪು ಹುಡುಕುವ ವ್ಯಾಲ್‌ಗ್ರಿಂಡ್ ಎಂಬ ಸಾಧನದಲ್ಲೂ ಓಡಿಸಿದೆ, ವ್ಯಾಲ್‌ಗ್ರಿಂಡ್ ಏನೂ ಹೇಳಲಿಲ್ಲ. ಅಷ್ಟು ಸಾಕಲ್ವಾ? ಡೀಬಗ್ ಮಾಡಲು ಜಿ ಆಯ್ಕೆ ಹಾಕುವುದು, ಓ0 ಇಡುವುದು ಎರಡೂ ಒಂದೇ ತಾನೇ? ಕೋಡ್ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಕೋಡನ್ನು ಎರಡು ಸಂಜೆ ಕೂತು ಓದಿದೆ. ಇಲ್ಲಿ ಕಾರವಾರದಲ್ಲಿ ನನ್ನ ಯಂತ್ರದಲ್ಲೂ ಓಡಿಸಿ ನೋಡಿದೆ. ತಪ್ಪು ಕಂಪೈಲರಿನದಲ್ಲ. ಅವರು ಹೇಳಿದ ಮೂರು ದೂರಿಗೂ ಮೂರು ಬೇರೆ ಬೇರೆ ಕಾರಣ ಇದೆ. ಮೂರೂ ನಿಮ್ಮ ಲ್ಯಾಪ್‌ಟಾಪಿನಲ್ಲೂ ಇದ್ದವು, ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೆ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ನೆಟ್ಟಗೆ ಬೀಳುವ ಮಳೆಗೆ ಸೋರದ ಮಾಡು, ಪಡುವಣ ಗಾಳಿಯ ಜೊತೆ ಓರೆಯಾಗಿ ಬರುವ ಮಳೆಗೆ ಸೋರುತ್ತದೆ. ಒಡೆದ ಹಂಚು ಮೊದಲಿನಿಂದಲೂ ಅಲ್ಲೇ ಇರುತ್ತದೆ. ಬೇರೆ ಕಂಪೈಲರ್, ಬೇರೆ ಆಯ್ಕೆ ಹಾಕಿ ಕಟ್ಟುವುದು ಅಂದರೆ ಬೇರೆ ಬೇರೆ ದಿಕ್ಕಿನಿಂದ ನೀರು ಹೊಯ್ದು ನೋಡಿದ ಹಾಗೆ.

ನಿಮ್ಮ ಮೂರು ತಪ್ಪುಗಳನ್ನೇ ಒಂದೊಂದಾಗಿ ಬಿಚ್ಚುತ್ತೇನೆ. ಯಾವ ಪರೀಕ್ಷೆ ಏನನ್ನು ಹಿಡಿಯುತ್ತದೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಮೊದಲು ಸ್ಯಾನಿಟೈಸರ್ ನಿಲ್ಲಿಸಿದ್ದು ಯಾಕೆ ಅಂತ ನೋಡೋಣ. ಊರಿನ ಹೆಸರು ಇಡಲು ನೀವು 16 ಬೈಟಿನ ಒಂದು ಅರೇ, ಅಂದರೆ ಮೆಮೊರಿಯಲ್ಲಿ ಸಾಲಾದ ಜಾಗ, ಮಾಡಿದ್ದೀರಿ. ಇಂಗ್ಲಿಷ್ ಹೆಸರಾದರೆ 15 ಅಕ್ಷರ ಹಿಡಿಯುತ್ತದೆ, ಸಾಕು ಅನಿಸುತ್ತದೆ. ಆದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಇಲ್ಲಿ ಚಿಹ್ನೆ ಅಂದರೆ ಬರೀ ಅಕ್ಷರವಲ್ಲ. ಗುಣಿತ, ಅನುಸ್ವಾರ, ಒತ್ತಿಗೆ ಬೇಕಾದ ವಿರಾಮ, ಎಲ್ಲವೂ ಒಂದೊಂದು ಲೆಕ್ಕ. 'ಶಿರಸಿ' ಅನ್ನುವಲ್ಲಿ ಶ, ಗುಣಿತ, ರ, ಸ, ಗುಣಿತ, ಒಟ್ಟು 5 ಚಿಹ್ನೆ. 15 ಬೈಟ್ ಆಯಿತು. ಸ್ಟ್ರಿಂಗ್ ಮುಗಿಯಿತು ಎನ್ನುವ ಸೊನ್ನೆ ಸೇರಿದರೆ 16. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

'ಕಾರವಾರ'ದಲ್ಲಿ 6 ಚಿಹ್ನೆ. 18 ಬೈಟ್, ಸೊನ್ನೆ ಸೇರಿ 19. ಕೊನೆಯ 'ರ'ದ ಮೊದಲ ಬೈಟ್ ಒಳಗೆ ಕೂತಿತು. ಉಳಿದ ಎರಡು ಬೈಟ್ ಹೊರಗೆ, ಕೊನೆಯ ಸೊನ್ನೆಯೂ ಹೊರಗೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ 12 ತಾಲ್ಲೂಕನ್ನೂ ಕೂತು ಲೆಕ್ಕ ಹಾಕಿದೆ. ಶಿರಸಿ, ಕುಮಟಾ, ಭಟ್ಕಳ ಈ ಮೂರು ಮಾತ್ರ 16ರಲ್ಲಿ ಹಿಡಿಯುತ್ತವೆ. ಉಳಿದ 9 ತಾಲ್ಲೂಕೂ ಹೊರಗೆ ಚೆಲ್ಲುತ್ತವೆ. ಸಿದ್ದಾಪುರಕ್ಕಂತೂ 28 ಬೈಟ್ ಬೇಕು.

ಹಾಗಾದರೆ ನಿಮ್ಮಲ್ಲಿ ಯಾಕೆ ಓಡಿತು? ನಿಮ್ಮ ಪರೀಕ್ಷೆಯ ಫೈಲಿನಲ್ಲಿ ಇದ್ದದ್ದು ಮೂರೇ ಊರು. ಶಿರಸಿ, ಕುಮಟಾ, ಕಾರವಾರ. ನೀವು ಯಾವ ಆಯ್ಕೆಯನ್ನೂ ಕೊಡದೆ ಕಂಪೈಲ್ ಮಾಡಿದ್ದೀರಿ. ಅಂದರೆ ಆಪ್ಟಿಮೈಸೇಷನ್ (ಕೋಡನ್ನು ವೇಗವಾಗಿಸುವ ಬದಲಾವಣೆ) ಇಲ್ಲದ ಓ0 ಮಟ್ಟ. ನಾನು ಅದೇ ರೀತಿ ಕಟ್ಟಿ ನೋಡಿದಾಗ ಆ ಅರೇಯ ಮುಂದೆ 8 ಬೈಟ್ ಖಾಲಿ ಜಾಗ ಸಿಕ್ಕಿತು. ಕಾರವಾರದ 3 ಬೈಟ್ ಅಲ್ಲಿ ಹೋಗಿ ಬಿತ್ತು. ಯಾರಿಗೂ ತೊಂದರೆ ಆಗಲಿಲ್ಲ. ಸಿದ್ದಾಪುರ ಹಾಕಿದ್ದರೆ 12 ಬೈಟ್ ಚೆಲ್ಲಿ, ಉಬುಂಟುವಿನ ಜಿಸಿಸಿ ತಾನಾಗಿಯೇ ಇಡುವ, ಸ್ಟ್ಯಾಕನ್ನು (ಫಂಕ್ಷನ್ನಿನ ತಾತ್ಕಾಲಿಕ ಮೆಮೊರಿ) ಕಾಯುವ ಸ್ಟ್ಯಾಕ್ ಪ್ರೊಟೆಕ್ಟರಿಗೆ ತಾಗಿ, ಪ್ರೋಗ್ರಾಂ ಅಲ್ಲೇ ನಿಲ್ಲುತ್ತಿತ್ತು. ಹೆಚ್ಚು ಆಪ್ಟಿಮೈಸ್ ಮಾಡುವ ಓ2 ಮಟ್ಟಕ್ಕೆ ಹೋದರೆ ಈ ಖಾಲಿ ಜಾಗ ಹೀಗೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಕಂಪೈಲರ್ ತನಗೆ ಅನುಕೂಲವಾದ ಹಾಗೆ ಜಾಗ ಹಂಚುತ್ತದೆ.

ಅಡ್ರೆಸ್ ಸ್ಯಾನಿಟೈಸರ್ ಮಾಡುವುದು ಇದಕ್ಕೆ ಉಲ್ಟಾ ಕೆಲಸ. ಪ್ರತಿ ಅರೇಯ ಸುತ್ತ ಬೇಕಂತಲೇ ಒಂದು ನಿಷೇಧದ ಪಟ್ಟಿ ಇಡುತ್ತದೆ. ನಿಮ್ಮ ಪ್ರೋಗ್ರಾಂ ಮೆಮೊರಿ ಮುಟ್ಟುವ ಪ್ರತಿ ಕಡೆ ಒಂದು ಸಣ್ಣ ತಪಾಸಣೆ ಸೇರಿಸುತ್ತದೆ. ಒಂದೇ ಒಂದು ಬೈಟ್ ಆಚೆ ಹೋದರೂ ಹಿಡಿದು ನಿಲ್ಲಿಸಿ, ಯಾವ ಸಾಲು, ಯಾವ ಅರೇ ಅಂತ ಹೆಸರು ಹಿಡಿದು ಹೇಳುತ್ತದೆ. ಗೂಗಲ್‌ನವರು ಕಟ್ಟಿದ ಸಾಧನ ಇದು. 2012ರಲ್ಲಿ ಕ್ಲ್ಯಾಂಗ್‌ಗೆ ಬಂತು, 2013ರಲ್ಲಿ ಜಿಸಿಸಿ 4.8ಕ್ಕೆ ಬಂತು. ಪ್ರೋಗ್ರಾಂ ಸುಮಾರು ಎರಡು ಪಟ್ಟು ನಿಧಾನ ಆಗುತ್ತದೆ. ಹಳೆ ಲ್ಯಾಪ್‌ಟಾಪಿಗೂ ಇದು ಭಾರವಲ್ಲ.

ಇದನ್ನು ಸರಿಪಡಿಸುವಾಗ ಒಂದು ಎಚ್ಚರ. 16ನ್ನು 32 ಮಾಡಿ ಬಿಡಬೇಡಿ. 'ಉತ್ತರ ಕನ್ನಡ' 32ರಲ್ಲಿ ಸರಿಯಾಗಿ ಕೂರುತ್ತದೆ, ಒಂದು ಬೈಟೂ ಉಳಿಯುವುದಿಲ್ಲ. 'ದಕ್ಷಿಣ ಕನ್ನಡ'ಕ್ಕೆ 35 ಬೇಕು. ಆ ಜಿಲ್ಲೆಯವರು ಬಳಸಿದ ದಿನ ಮತ್ತೆ ಅದೇ ತಪ್ಪು. ಉದ್ದವನ್ನು ಮೊದಲು ಅಳೆದು, ಅಷ್ಟು ಜಾಗ ಕೇಳಿ ಪಡೆಯಿರಿ. ಕತ್ತರಿಸಲೇಬೇಕಾದರೆ 3 ಬೈಟಿನ ಚಿಹ್ನೆಯ ನಡುವೆ ಕತ್ತರಿಸಬೇಡಿ. ಅರ್ಧ ಅಕ್ಷರ ಪರದೆಯ ಮೇಲೆ ಪ್ರಶ್ನೆ ಚಿಹ್ನೆಯಾಗಿ ಕಾಣುತ್ತದೆ. ಕನ್ನಡ ಓದುವವರಿಗೆ ಅದೆಷ್ಟು ಕಿರಿಕಿರಿ ಅಂತ ನಿಮಗೂ ಗೊತ್ತು.

ಇನ್ನು ಕ್ಲ್ಯಾಂಗ್‌ನ ದೂರು. ನನಗೆ ತುಂಬ ಮುಖ್ಯ ಅನಿಸಿದ್ದು ಇದೇ. ನಿಮ್ಮ ಕೋಡಿನಲ್ಲಿ ಫೈಲಿನಿಂದ ಮುಂದಿನ ಪದ ತಂದುಕೊಡುವ ಒಂದು ಫಂಕ್ಷನ್ ಇದೆ. ಊರು, ತಾಲ್ಲೂಕು ಎರಡನ್ನೂ ಪಟ್ಟಿಗೆ ಸೇರಿಸುವ ಇನ್ನೊಂದು ಫಂಕ್ಷನ್ ಇದೆ. ಸೇರಿಸುವ ಫಂಕ್ಷನ್ನಿಗೆ ಎರಡು ಆರ್ಗ್ಯುಮೆಂಟ್ (ಅದಕ್ಕೆ ಬೇಕಾದ ಮಾಹಿತಿ) ಕೊಡುವ ಕಡೆ, ಎರಡೂ ಜಾಗದಲ್ಲಿ 'ಮುಂದಿನ ಪದ ತಾ' ಎಂದೇ ಬರೆದಿದ್ದೀರಿ. ಎಡದ್ದು ಮೊದಲು, ಬಲದ್ದು ಆಮೇಲೆ ನಡೆಯುತ್ತದೆ ಅಂತ ಓದುವವರಿಗೆ ಅನಿಸುತ್ತದೆ. ಆದರೆ ಸಿ ಭಾಷೆ ಹಾಗೆ ಎಲ್ಲೂ ಮಾತು ಕೊಟ್ಟಿಲ್ಲ. ಯಾವ ಕಡೆಯಿಂದ ಬೇಕಾದರೂ ಶುರು ಮಾಡು ಅಂತ ಕಂಪೈಲರಿಗೇ ಬಿಟ್ಟಿದೆ. ನಿಮ್ಮ ಯಂತ್ರದಂಥ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಜಿಸಿಸಿ ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಬರುತ್ತದೆ. ಕ್ಲ್ಯಾಂಗ್ ಎಡದಿಂದ ಬಲಕ್ಕೆ ಹೋಗುತ್ತದೆ. ಎರಡೂ ಸರಿ.

ಆ ಸಾಲಿನ ಮೇಲೆ ನೀವು ಬರೆದ ಟಿಪ್ಪಣಿ ನೋಡಿದೆ. ಯಾಕೋ ತಿರುಗಾ ಮುರುಗಾ ಬರುತ್ತಿದೆ, ಅದಕ್ಕೆ ಮುದ್ರಿಸುವಾಗ ಅದಲು ಬದಲು ಮಾಡಿದ್ದೇನೆ ಅಂತ. ಆ 'ಯಾಕೋ' ಅನ್ನುವಲ್ಲೇ ನಿಲ್ಲಬೇಕಿತ್ತು. ಜಿಸಿಸಿ ನಿಮಗೆ ಆವತ್ತೇ ಸುಳಿವು ಕೊಟ್ಟಿತ್ತು. ಕಾರಣ ಗೊತ್ತಾಗದೆ ಸರಿ ಮಾಡಿದ್ದು ಒಂದು ಕಂಪೈಲರಿಗೆ ಮಾತ್ರ ಸರಿಯಾಯಿತು. ಈಗ ಎರಡು ಪದವನ್ನೂ ಬೇರೆ ಬೇರೆ ಸಾಲಿನಲ್ಲಿ ಮೊದಲೇ ಓದಿಟ್ಟುಕೊಂಡು, ಆಮೇಲೆ ಸೇರಿಸುವ ಫಂಕ್ಷನ್ನಿಗೆ ಕೊಡಿ. ಅಷ್ಟೇ ಬದಲಾವಣೆ.

ಈ ತಪ್ಪನ್ನು ಯಾವ ಸ್ಯಾನಿಟೈಸರೂ ಹಿಡಿಯುವುದಿಲ್ಲ. ಇಲ್ಲಿ ಯಾವ ನಿಯಮವೂ ಮುರಿದಿಲ್ಲ, ಮೆಮೊರಿ ಕೆಟ್ಟಿಲ್ಲ. ವಾರ್ನಿಂಗೂ ಬರುವುದಿಲ್ಲ. ಎರಡನೇ ಕಂಪೈಲರಿನಲ್ಲಿ ಕಟ್ಟಿ, ಎರಡರ ಉತ್ತರವನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ಕಾಣುತ್ತದೆ. ಎರಡು ಕಂಪೈಲರ್ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಇದೇ. ಜಿಸಿಸಿಯನ್ನು ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದರು. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಅಡಿಪಾಯವನ್ನು 2000ದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್, ವಿಕ್ರಮ್ ಅಡ್ವೆ ಶುರು ಮಾಡಿದರು. ಅದರ ಮೇಲೆ ಕಟ್ಟಿದ ಕ್ಲ್ಯಾಂಗ್ 2007ರಲ್ಲಿ ಓಪನ್ ಸೋರ್ಸ್ ಆಯಿತು. ಬೇರೆ ಕಾಲ, ಬೇರೆ ಜನ, ಬೇರೆ ಕೋಡ್. ಭಾಷೆ ಬಾಯಿಬಿಟ್ಟು ಹೇಳದ ಕಡೆ ಒಂದೊಂದೂ ತನ್ನ ದಾರಿ ಹಿಡಿದಿದೆ.

ಮೂರನೆಯದು ರಾಸ್ಪ್‌ಬೆರಿ ಪೈ. ಒಂದು ಬೈಟ್ ಕನ್ನಡದ್ದೋ ಇಂಗ್ಲಿಷಿನದೋ ಅಂತ ತಿಳಿಯಲು ನೀವು 'ಇದು ಸೊನ್ನೆಗಿಂತ ಕಡಿಮೆಯೇ' ಎಂದು ಕೇಳಿದ್ದೀರಿ. 'ಕ' ಅಕ್ಷರದ ಮೂರು ಬೈಟ್ 224, 178, 149. ಇಂಟೆಲ್ ಯಂತ್ರದ ಲಿನಕ್ಸಿನಲ್ಲಿ ಒಂದು ಬೈಟ್ ಇಡುವ ಚಾರ್ ಎನ್ನುವ ಟೈಪ್ ಸೈನ್ಡ್, ಅಂದರೆ ಮೈನಸ್ ಸಂಖ್ಯೆಯನ್ನೂ ಹಿಡಿಯುತ್ತದೆ. ಹಾಗಾಗಿ ಅವು ಮೈನಸ್ 32, ಮೈನಸ್ 78, ಮೈನಸ್ 107 ಎಂದು ಕಾಣುತ್ತವೆ. ನಿಮ್ಮ ಪ್ರಶ್ನೆಗೆ ಹೌದು ಎಂಬ ಉತ್ತರ ಬರುತ್ತದೆ. ರಾಸ್ಪ್‌ಬೆರಿ ಪೈನಂಥ ಎಆರ್‌ಎಂ ಯಂತ್ರದ ಲಿನಕ್ಸಿನಲ್ಲಿ ಅದೇ ಚಾರ್ ಅನ್‌ಸೈನ್ಡ್. ಅಲ್ಲಿ ಯಾವ ಬೈಟೂ ಸೊನ್ನೆಗಿಂತ ಕಡಿಮೆ ಆಗುವುದೇ ಇಲ್ಲ. ಪ್ರೋಗ್ರಾಮಿಗೆ ಕನ್ನಡವೇ ಕಾಣುವುದಿಲ್ಲ. ಆ್ಯಪಲ್ ತನ್ನ ಎಆರ್‌ಎಂ ಯಂತ್ರಗಳಲ್ಲಿ ಚಾರ್ ಅನ್ನು ಸೈನ್ಡ್ ಆಗಿಯೇ ಇಟ್ಟಿದೆ. ಹೊಸ ಮ್ಯಾಕ್ ಇರುವ ಗೆಳತಿ 'ನನ್ನಲ್ಲಿ ಓಡಿತು' ಅಂದರೂ ರಾಸ್ಪ್‌ಬೆರಿ ಪೈಗೆ ಅದು ಸಾಕ್ಷಿಯಾಗುವುದಿಲ್ಲ.

ಕನ್ನಡಕ್ಕೆ ಕೆಲಸ ಮಾಡುವವರೆಲ್ಲ ಈ ಒಂದು ಸಂಗತಿ ನೆನಪಿಡಬೇಕು ಅಂತ ನನ್ನ ಆಸೆ. ಇಂಗ್ಲಿಷ್ ಮಾತ್ರ ಬಳಸುವವರಿಗೆ 127 ದಾಟುವ ಬೈಟ್ ಅಪರೂಪ. ನಮ್ಮ ಅಕ್ಷರಗಳ ಒಂದೊಂದು ಬೈಟೂ 127ನ್ನು ದಾಟಿದ್ದೇ. ಅವರ ಪರೀಕ್ಷೆಯಲ್ಲಿ ಎಂದೂ ಕಾಣದ ಬಿರುಕು ನಮ್ಮ ಮೊದಲ ಅಕ್ಷರಕ್ಕೇ ಕಾಣುತ್ತದೆ. ಅಕ್ಷರವೋ ಅಂಕಿಯೋ ಎಂದು ನೋಡುವ ಸಿ ಲೈಬ್ರರಿಯ ಫಂಕ್ಷನ್ನುಗಳಿಗೆ ನೆಗೆಟಿವ್ ಚಾರ್ ಕೊಡುವುದೂ ಹೀಗೇ ಅಪಾಯ. ಕೊಡುವ ಮೊದಲು ಅನ್‌ಸೈನ್ಡ್ ಚಾರ್‌ಗೆ ಬದಲಿಸಲೇಬೇಕು.

ಇದನ್ನು ಪರೀಕ್ಷಿಸಲು ರಾಸ್ಪ್‌ಬೆರಿ ಪೈ ಕೊಳ್ಳಬೇಕಾಗಿಲ್ಲ. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಚಾರ್ ಅನ್ನು ಅನ್‌ಸೈನ್ಡ್ ಎಂದು ಹಿಡಿಯುವ ಆಯ್ಕೆ ಇದೆ. ಅದನ್ನು ಹಾಕಿ, ಜೊತೆಗೆ ಎಕ್ಸ್‌ಟ್ರಾ ವಾರ್ನಿಂಗ್ ಹಾಕಿದರೆ ಜಿಸಿಸಿಯೇ 'ಈ ಹೋಲಿಕೆ ಯಾವಾಗಲೂ ಸುಳ್ಳು' ಎಂದು ಆ ಸಾಲನ್ನು ತೋರಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲೇ, ಒಂದು ನಿಮಿಷದ ಕೆಲಸ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಇಷ್ಟೆಲ್ಲ ಕಡೆ ಪರೀಕ್ಷಿಸುವುದು ಹೇಗೆ? ಎಲ್ಲ ಕಂಪೈಲರ್, ಎಲ್ಲ ಆಯ್ಕೆ, ಎಲ್ಲ ಯಂತ್ರ ಅಂತ ಹೊರಟರೆ ಯಾರ ಕೈಯಲ್ಲೂ ಆಗುವುದಿಲ್ಲ. ಎರಡು ಕಂಪೈಲರ್, ಮೂರು ಆಪ್ಟಿಮೈಸೇಷನ್ ಮಟ್ಟ, ಮೂರು ಸ್ಯಾನಿಟೈಸರ್, ಅಸರ್ಟ್ (ಕೋಡಿನ ಒಳಗೇ 'ಇದು ನಿಜವೇ' ಎಂದು ನೋಡುವ ತಪಾಸಣೆ) ಇದ್ದು ಮತ್ತು ಇಲ್ಲದೆ ಎಂದು ಗುಣಿಸಿದರೆ ಆಗಲೇ 36 ಆಯಿತು. ಎಲ್ಲ ಬೇಡ. ಪ್ರತಿ ಕಟ್ಟುವಿಕೆಯೂ ಹೊಸದೊಂದು ಪ್ರಶ್ನೆ ಕೇಳಬೇಕು. ಕೇಳದಿದ್ದರೆ ಅದು ಕರೆಂಟಿನ ಖರ್ಚು ಮಾತ್ರ.

ನಿಮ್ಮ ಯಂತ್ರಕ್ಕೆ ನಾಲ್ಕು ಸಾಕು. ಒಂದು, ಜಿಸಿಸಿ, ಓ2, ಎಲ್ಲ ವಾರ್ನಿಂಗ್ ತೆರೆದಿಟ್ಟು. ಜನರು ಬಳಸುವುದು ಹೆಚ್ಚುಕಡಿಮೆ ಇದನ್ನೇ. ಎರಡು, ಕ್ಲ್ಯಾಂಗ್, ಓ1, ಅಡ್ರೆಸ್ ಸ್ಯಾನಿಟೈಸರ್ ಮತ್ತು ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ (ಭಾಷೆಯ ನಿಯಮ ಮುರಿದರೆ ಹಿಡಿಯುವುದು) ಒಟ್ಟಿಗೆ. ಈ ಎರಡು ಒಂದೇ ಕಟ್ಟುವಿಕೆಯಲ್ಲಿ ಹೊಂದಿಕೊಂಡು ಹೋಗುತ್ತವೆ. ಥ್ರೆಡ್ (ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಕೆಲಸಗಳು) ಸ್ಯಾನಿಟೈಸರನ್ನು ಅಡ್ರೆಸ್ ಸ್ಯಾನಿಟೈಸರಿನ ಜೊತೆ ಸೇರಿಸಲು ಬರುವುದಿಲ್ಲ. ನಿಮ್ಮ ಕೋಡಿನಲ್ಲಿ ಥ್ರೆಡ್ ಇಲ್ಲ, ಹಾಗಾಗಿ ಅದರ ಗೊಡವೆ ಬೇಡ. ಮೂರು, ಜಿಸಿಸಿ, ಅನ್‌ಸೈನ್ಡ್ ಚಾರ್. ನಾಲ್ಕು, ಅಸರ್ಟ್ ತೆಗೆದುಹಾಕುವ ಎನ್‌ಡೀಬಗ್ ಆಯ್ಕೆಯ ಜೊತೆ ಓ2. ಈ ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟಿದ್ದೆ.

ಅದರ ಕತೆ ಹೇಳಲೇಬೇಕು. ಹಿಂದೊಮ್ಮೆ ಇಲ್ಲಿ ಬೈತಖೋಲದ ಬಂದರಿನ ಕೆಲಸಕ್ಕೆ ಮೀನಿನ ತೂಕ, ದರದ ಚೀಟಿ ಮುದ್ರಿಸುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಆ ದಿನದ ದರದ ಫೈಲು ಓದುವ ಫಂಕ್ಷನ್ ಇತ್ತು. ಅದು ಸರಿಯಾಗಿ ಓದಿತೇ ಅಂತ ನೋಡಲು, ಆ ಫಂಕ್ಷನ್ನನ್ನು ಅಸರ್ಟಿನ ಒಳಗೇ ಕರೆದಿದ್ದೆ. ಮನೆಯಲ್ಲಿ ಚೆನ್ನಾಗಿ ಓಡಿತು. ಕೊಡುವ ದಿನ ರಿಲೀಸ್ ಆಯ್ಕೆ ಹಾಕಿ ಕಟ್ಟಿದೆ. ಪ್ರೋಗ್ರಾಂ ಕಟ್ಟಿಸುವ ಸಿಮೇಕ್ ಎಂಬ ಸಾಧನ ಬಳಸುವವರಿಗೆ ಗೊತ್ತಿರಲಿ, ಅದರ ರಿಲೀಸ್ ಆಯ್ಕೆ ಎನ್‌ಡೀಬಗ್ ಅನ್ನು ತಾನೇ ಸೇರಿಸುತ್ತದೆ. ಎನ್‌ಡೀಬಗ್ ಇದ್ದರೆ ಅಸರ್ಟಿನ ಒಳಗಿದ್ದದ್ದೆಲ್ಲ ಮಾಯ. ದರದ ಫೈಲನ್ನು ಯಾರೂ ಓದಲೇ ಇಲ್ಲ. ಮರುದಿನ ಬೆಳಿಗ್ಗೆ ಬಂಗಡೆ ತಂದ ದೋಣಿಯವರ ಕೈಗೆ ಹೋದ ಚೀಟಿಯಲ್ಲಿ ದರ ಸೊನ್ನೆ. ರಾತ್ರಿಯೆಲ್ಲ ಸಮುದ್ರದಲ್ಲಿದ್ದು ಬಂದವರು ಅವರು. ಚೀಟಿ ಹಿಡಿದುಕೊಂಡು ನಿಂತ ಅವರ ಮುಖ ಇವತ್ತಿಗೂ ನೆನಪಿದೆ. ಅಂದಿನಿಂದ ಅಸರ್ಟಿನ ಒಳಗೆ ಬರೀ ಹೋಲಿಕೆ ಬಿಟ್ಟು ಬೇರೇನನ್ನೂ ಬರೆದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ನಿಮ್ಮ ಪರೀಕ್ಷೆಯ ಪ್ರೋಗ್ರಾಮನ್ನು ನೀವು ಪೂರ್ತಿ ಅಸರ್ಟಿನಲ್ಲೇ ಬರೆದಿದ್ದೀರಿ. ಅದನ್ನು ಎನ್‌ಡೀಬಗ್ ಹಾಕಿ ಕಟ್ಟಿದರೆ ಎಲ್ಲ ಪರೀಕ್ಷೆಯೂ ಪಾಸ್. ಯಾಕೆಂದರೆ ಒಳಗೆ ಪರೀಕ್ಷೆಯೇ ಉಳಿದಿರುವುದಿಲ್ಲ. ಪರೀಕ್ಷೆಗೆ ಬೇರೆಯದೇ ಒಂದು ಸಣ್ಣ ಮ್ಯಾಕ್ರೋ ಬರೆದುಕೊಳ್ಳಿ. ತಪ್ಪಿದರೆ ಸಾಲಿನ ಸಂಖ್ಯೆ ಮುದ್ರಿಸಿ, ಸೊನ್ನೆಯಲ್ಲದ ಸಂಖ್ಯೆಯೊಂದಿಗೆ ಹೊರಗೆ ಬರಲಿ. ಆಮೇಲೆ ಬೇಕಂತಲೇ ಒಂದು ಪರೀಕ್ಷೆ ತಪ್ಪು ಮಾಡಿ, ಅದು ನಿಜವಾಗಿ ಕೂಗುತ್ತದೆಯೇ ಎಂದು ನಾಲ್ಕೂ ಕಟ್ಟುವಿಕೆಯಲ್ಲಿ ನೋಡಿ.

ಡೀಬಗ್ ಆಯ್ಕೆಗಳ ಬಗ್ಗೆ ಸ್ವಲ್ಪ ಗೊಂದಲ ನಿಮ್ಮ ಪತ್ರದಲ್ಲಿ ಕಂಡಿತು. ಜಿ ಎನ್ನುವ ಆಯ್ಕೆ, ಓ0 ಎನ್ನುವ ಮಟ್ಟ ಎರಡೂ ಒಂದೇ ಅಲ್ಲ. ಜಿ ಹಾಕಿದರೆ ಸಾಲಿನ ಸಂಖ್ಯೆ, ವೇರಿಯಬಲ್ಲಿನ ಹೆಸರು ಇಂಥ ಮಾಹಿತಿ ಫೈಲಿಗೆ ಸೇರುತ್ತದೆ. ಓಡುವ ಕೋಡನ್ನು ಅದು ಬದಲಿಸುವುದಿಲ್ಲ. ಹಾಗಾಗಿ ನಾಲ್ಕೂ ಕಟ್ಟುವಿಕೆಯಲ್ಲಿ ಜಿ ಇಡಿ. ಓ0 ಅಂದರೆ ಆಪ್ಟಿಮೈಸ್ ಮಾಡಬೇಡ ಎಂದು. ಜಿಡಿಬಿ ಎಂಬ ಡೀಬಗ್ ಸಾಧನದಲ್ಲಿ ಸಾಲು ಸಾಲಾಗಿ ನಡೆಸಿ ನೋಡಲು ಅದು ಒಳ್ಳೆಯದು. ಜಿಸಿಸಿಯಲ್ಲಿ ಓಜಿ ಅಂತ ಒಂದು ಮಟ್ಟ ಇದೆ. ಸ್ವಲ್ಪ ವೇಗವೂ ಸಿಗುತ್ತದೆ, ಡೀಬಗ್ ಮಾಡಲೂ ಬರುತ್ತದೆ.

ಆದರೆ ಓ0 ಒಂದನ್ನೇ ನಂಬಿ ಕೂರಬೇಡಿ. ಬೆಲೆ ಕೊಡದ ವೇರಿಯಬಲ್ ಬಳಸಿದ್ದೀರಿ ಅನ್ನುವಂಥ ಕೆಲವು ವಾರ್ನಿಂಗ್ ಜಿಸಿಸಿಗೆ ಹೊಳೆಯುವುದೇ ಆಪ್ಟಿಮೈಸ್ ಮಾಡುವಾಗ ಕೋಡಿನ ಹರಿವನ್ನು ಹಿಂಬಾಲಿಸಿದಾಗ. ಫೋರ್ಟಿಫೈ ಎನ್ನುವ ರಕ್ಷಣೆಯೂ ಓ0ದಲ್ಲಿ ಕೆಲಸ ಮಾಡುವುದಿಲ್ಲ. ಅಂದ ಹಾಗೆ, ಫೋರ್ಟಿಫೈ ಇದ್ದಿದ್ದರೂ ನಿಮ್ಮ 16 ಬೈಟಿನ ತಪ್ಪು ಸಿಗುತ್ತಿರಲಿಲ್ಲ. ಅದು ಲೈಬ್ರರಿಯ ನಕಲು ಫಂಕ್ಷನ್ನುಗಳನ್ನು ಕಾಯುತ್ತದೆ. ನೀವು ಸ್ವಂತ ಲೂಪ್ ಬರೆದು ನಕಲು ಮಾಡಿದ್ದೀರಿ.

ವ್ಯಾಲ್‌ಗ್ರಿಂಡ್ ಬಗ್ಗೆಯೂ ಕೇಳಿದ್ದಿರಿ. ಒಳ್ಳೆಯ ಸಾಧನ. ಮತ್ತೆ ಕಂಪೈಲ್ ಮಾಡದೆ, ಇದ್ದ ಪ್ರೋಗ್ರಾಮನ್ನೇ ಪರೀಕ್ಷಿಸುತ್ತದೆ. ಬೆಲೆ ಕೊಡದ ಮೆಮೊರಿ ಬಳಸಿದರೆ ಚೆನ್ನಾಗಿ ಹಿಡಿಯುತ್ತದೆ. ಅಡ್ರೆಸ್ ಸ್ಯಾನಿಟೈಸರ್ ಅದನ್ನು ಹಿಡಿಯುವುದಿಲ್ಲ. ಆದರೆ ಪ್ರೋಗ್ರಾಂ 20, 30 ಪಟ್ಟು ನಿಧಾನ ಆಗುತ್ತದೆ. ನಿಮ್ಮ ತಪ್ಪಿನಂಥ, ಸ್ಟ್ಯಾಕ್ ಮೇಲಿನ ಅರೇ ಚೆಲ್ಲುವ ತಪ್ಪು ಅದರ ಕಣ್ಣಿಗೆ ಬೀಳುವುದಿಲ್ಲ. 'ವ್ಯಾಲ್‌ಗ್ರಿಂಡ್ ಏನೂ ಹೇಳಲಿಲ್ಲ' ಎಂದು ನೀವು ಸಮಾಧಾನ ಪಟ್ಟದ್ದು ಅದಕ್ಕೇ ಸರಿಯಲ್ಲ. ಸ್ಯಾನಿಟೈಸರ್ ಹಾಕಿ ಕಟ್ಟಿದ ಪ್ರೋಗ್ರಾಮನ್ನು ವ್ಯಾಲ್‌ಗ್ರಿಂಡಿನ ಒಳಗೆ ಓಡಿಸಲು ಹೋಗಬೇಡಿ, ಒಂದಕ್ಕೊಂದು ಆಗಿಬರುವುದಿಲ್ಲ. ಇನ್ನೊಂದು ಮಾತು. ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ ತಪ್ಪು ಕಂಡರೆ ಒಂದು ಸಾಲು ಮುದ್ರಿಸಿ ಮುಂದೆ ಹೋಗಿಬಿಡುತ್ತದೆ. ನೂರು ಸಾಲಿನ ನಡುವೆ ಅದು ಕಳೆದುಹೋಗುತ್ತದೆ. ತಪ್ಪು ಕಂಡ ತಕ್ಷಣ ನಿಲ್ಲು ಎನ್ನುವ ಆಯ್ಕೆ ಬೇರೆ ಇದೆ, ಹಾಕಿಕೊಳ್ಳಿ.

ಇನ್ನು, ಕಂಪೈಲರಿನಲ್ಲಿ ತಪ್ಪೇ ಇರುವುದಿಲ್ಲವೇ? ಖಂಡಿತ ಇರುತ್ತದೆ. ಯೂಟಾ ವಿಶ್ವವಿದ್ಯಾಲಯದವರು ಸಿಸ್ಮಿತ್ ಎಂಬ ಸಾಧನ ಕಟ್ಟಿ, ಮನಸ್ಸಿಗೆ ಬಂದ ಹಾಗೆ ಸಿ ಪ್ರೋಗ್ರಾಂ ಹುಟ್ಟಿಸಿ, ಬೇರೆ ಬೇರೆ ಕಂಪೈಲರಿಗೆ ಕೊಟ್ಟು ಉತ್ತರ ಹೋಲಿಸಿದರು. 2011ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಅದುವರೆಗೆ ಗೊತ್ತಿಲ್ಲದ 325ಕ್ಕೂ ಹೆಚ್ಚು ತಪ್ಪು ಸಿಕ್ಕಿದ್ದವು. ಆದರೂ ಮೊದಲ ಅನುಮಾನ ನಮ್ಮ ಕೋಡಿನ ಮೇಲೇ ಇರಲಿ. ಲಕ್ಷಾಂತರ ಜನ ದಿನಾ ಬಳಸುವ ಕಂಪೈಲರಿಗಿಂತ ನಿನ್ನೆ ಬರೆದ ನೂರು ಸಾಲಿನಲ್ಲಿ ತಪ್ಪಿರುವ ಸಾಧ್ಯತೆ ಜಾಸ್ತಿ.

ಓ0ದಲ್ಲಿ ಸರಿ, ಓ2ದಲ್ಲಿ ತಪ್ಪು ಎಂದು ಕಂಡರೆ ಹುಡುಕುವ ದಾರಿ ಹೀಗೆ. ಅರ್ಧ ಫೈಲುಗಳನ್ನು ಓ0ದಲ್ಲಿ, ಉಳಿದರ್ಧ ಓ2ದಲ್ಲಿ ಕಟ್ಟಿ ಜೋಡಿಸಿ. ತಪ್ಪು ಯಾವ ಅರ್ಧದ ಜೊತೆ ಹೋಗುತ್ತದೆ ನೋಡಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. 32 ಫೈಲಿದ್ದರೂ ಐದೇ ಸಲಕ್ಕೆ ಒಂದು ಫೈಲಿಗೆ ಬಂದು ನಿಲ್ಲುತ್ತೀರಿ. ಆಮೇಲೆ ಆ ಫೈಲನ್ನು ಸ್ಟ್ರಿಕ್ಟ್ ಅಲಿಯಾಸಿಂಗ್ (ಬೇರೆ ಬೇರೆ ಟೈಪುಗಳು ಒಂದೇ ಮೆಮೊರಿ ಮುಟ್ಟುವುದಿಲ್ಲ ಎಂಬ ಊಹೆ) ಬೇಡ ಎನ್ನುವ ಆಯ್ಕೆ ಹಾಕಿ ಕಟ್ಟಿ. ತಪ್ಪು ಮಾಯವಾದರೆ ನಿಮ್ಮ ಕೋಡೇ ಒಂದು ಟೈಪಿನ ಮೆಮೊರಿಯನ್ನು ಇನ್ನೊಂದು ಟೈಪಿನಿಂದ ಮುಟ್ಟುತ್ತಿದೆ ಎಂದು ಅನುಮಾನಿಸಿ. ಲಿನಕ್ಸಿನ ತಿರುಳಾದ ಕರ್ನಲ್ ಅನ್ನು ಈ ಆಯ್ಕೆ ಹಾಕಿಯೇ ಕಟ್ಟುತ್ತಾರೆ. 2009ರಲ್ಲಿ ಅದೇ ಕರ್ನಲ್ಲಿನ ಟನ್ ಎಂಬ ನೆಟ್‌ವರ್ಕ್ ಡ್ರೈವರಿನಲ್ಲಿ ಒಂದು ದೊಡ್ಡ ರಕ್ಷಣಾ ದೋಷ ಸಿಕ್ಕಿತು. ಕೋಡ್ ಬರೆದವರು ಪಾಯಿಂಟರನ್ನು (ಮೆಮೊರಿಯ ವಿಳಾಸ) ಮೊದಲು ಬಳಸಿ, ಆಮೇಲೆ ಅದು ನಲ್, ಅಂದರೆ ಖಾಲಿ, ಹೌದೇ ಎಂದು ನೋಡಿದ್ದರು. ಜಿಸಿಸಿ 'ಮೊದಲೇ ಬಳಸಿದ್ದಾರೆ ಅಂದಮೇಲೆ ನಲ್ ಆಗಿರಲು ಸಾಧ್ಯವಿಲ್ಲ' ಎಂದು ಆ ತಪಾಸಣೆಯನ್ನೇ ತೆಗೆದುಹಾಕಿತ್ತು. ಭಾಷೆಯ ನಿಯಮದ ಪ್ರಕಾರ ಕಂಪೈಲರ್ ಮಾಡಿದ್ದು ಸರಿ. ಓ0ದಲ್ಲಿ ಇಂಥದ್ದು ಕಾಣುವುದು ಕಷ್ಟ.

ವಾರ್ನಿಂಗ್ ಬಂದಾಗ ಬಾಯಿ ಮುಚ್ಚಿಸುವ ಆತುರ ಮಾತ್ರ ಬೇಡ. 2006ರಲ್ಲಿ ಡೆಬಿಯನ್ ಲಿನಕ್ಸಿನ ಓಪನ್ ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಪ್ಯಾಕೇಜಿನಲ್ಲಿ, ವ್ಯಾಲ್‌ಗ್ರಿಂಡ್ ದೂರುತ್ತದೆ ಎಂಬ ಕಾರಣಕ್ಕೆ ಸಾಲುಗಳನ್ನು ತೆಗೆದರು. ದೂರು ನಿಂತಿತು. ಜೊತೆಗೆ ಕೀ ಮಾಡಲು ಬೇಕಾದ ರ‍್ಯಾಂಡಮ್ ಮಾಹಿತಿಯೂ ಹೋಯಿತು. ಪ್ರೋಸೆಸ್ಸಿನ (ಓಡುತ್ತಿರುವ ಪ್ರೋಗ್ರಾಮಿನ) ಸಂಖ್ಯೆ ಒಂದೇ ಉಳಿಯಿತು. ಅದು ಹೆಚ್ಚೆಂದರೆ 32,768 ಬಗೆ. 2008ರ ಮೇ ತಿಂಗಳಲ್ಲಿ ಇದು ಬೆಳಕಿಗೆ ಬರುವವರೆಗೆ ಜನ ಅಂಥ ದುರ್ಬಲ ಕೀಗಳನ್ನೇ ಬಳಸುತ್ತಿದ್ದರು. ಬದಲಿಸಿದವರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ನಿಮ್ಮ 'ಯಾಕೋ' ಟಿಪ್ಪಣಿ ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಇದೇ.

ಹೊಸ ಕಂಪೈಲರ್ ಬಂದಾಗ ಹಳೆ ಕೋಡ್ ಮುರಿಯುವುದೂ ಸಹಜ. 2024ರ ಜಿಸಿಸಿ 14, ಘೋಷಣೆ ಮಾಡದ ಫಂಕ್ಷನ್ ಕರೆದರೆ ವಾರ್ನಿಂಗ್ ಬದಲು ಎರರ್ ಕೊಡಲು ಶುರು ಮಾಡಿತು. 2025ರ ಜಿಸಿಸಿ 15, ನೀವು ಏನೂ ಹೇಳದಿದ್ದರೆ ಸಿ ಭಾಷೆಯ ಹೊಸ ಆವೃತ್ತಿಯಾದ ಸಿ23 ಎಂದೇ ಹಿಡಿಯುತ್ತದೆ. ಅಲ್ಲಿ ಬೂಲ್, ಟ್ರೂ, ಫಾಲ್ಸ್ ಭಾಷೆಯದೇ ಪದಗಳು. ನಿಮ್ಮ ಹೆಡರ್ ಫೈಲಿನಲ್ಲಿ ಬೂಲ್ ಎಂದು ನೀವೇ ಒಂದು ಟೈಪ್ ಮಾಡಿಕೊಂಡಿದ್ದೀರಿ. ಜಿಸಿಸಿ 15 ಇರುವವರಲ್ಲಿ ಅದು ಕಂಪೈಲೇ ಆಗುವುದಿಲ್ಲ. ತೆಗೆದುಬಿಡಿ. ಹಾಗೆಯೇ ವಾರ್ನಿಂಗುಗಳನ್ನೆಲ್ಲ ಎರರ್ ಮಾಡುವ ಆಯ್ಕೆಯನ್ನು ನಿಮ್ಮ ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಿ. ಜನರಿಗೆ ಕೊಡುವ ಮೇಕ್‌ಫೈಲಿನಲ್ಲಿ ಬೇಡ. ಮುಂದಿನ ವರ್ಷದ ಕಂಪೈಲರ್ ಹೊಸದೊಂದು ವಾರ್ನಿಂಗ್ ಕಲಿತರೆ, ಎಲ್ಲೋ ಇರುವವರ ಕಟ್ಟುವಿಕೆ ಸುಮ್ನೆ ನಿಂತುಹೋಗುತ್ತದೆ.

ಕರೆಂಟು, ನೆಟ್‌ವರ್ಕಿನ ವಿಚಾರ. ನೆಟ್‌ವರ್ಕ್ ಚೆನ್ನಾಗಿರುವ ದಿನ ಕ್ಲ್ಯಾಂಗ್, ಜಿಡಿಬಿ, ಸಿಕ್ಯಾಶ್ ಇಷ್ಟನ್ನು ಇಳಿಸಿಟ್ಟುಕೊಳ್ಳಿ. ಆಮೇಲೆ ಈ ನಾಲ್ಕು ಪರೀಕ್ಷೆಗೂ ನೆಟ್‌ವರ್ಕ್ ಬೇಡವೇ ಬೇಡ. ನಾಲ್ಕಕ್ಕೂ ನಾಲ್ಕು ಬೇರೆ ಫೋಲ್ಡರ್ ಇರಲಿ. ಒಂದರ ಆಬ್ಜೆಕ್ಟ್ ಫೈಲು (ಕಂಪೈಲ್ ಆದ ತುಣುಕು) ಇನ್ನೊಂದಕ್ಕೆ ಸೇರಿದರೆ ಬರುವ ತಪ್ಪಿಗೆ ಅರ್ಥವೇ ಇರುವುದಿಲ್ಲ. ಸಿಕ್ಯಾಶ್ ಇದ್ದರೆ ಬದಲಾಗದ ಫೈಲನ್ನು ಮತ್ತೆ ಕಂಪೈಲ್ ಮಾಡುವುದಿಲ್ಲ. ನಡುವೆ ಕರೆಂಟು ಹೋಗಿ ಯಂತ್ರ ಆರಿದರೂ ಅದುವರೆಗಿನ ಕೆಲಸ ಉಳಿದಿರುತ್ತದೆ. ನಾಲ್ಕನ್ನೂ ಸಾಲಾಗಿ ಕಟ್ಟಿ, ಪರೀಕ್ಷೆ ಓಡಿಸಿ, ಉತ್ತರವನ್ನು ಫೈಲಿಗೆ ಬರೆಯುವ ಹತ್ತು ಸಾಲಿನ ಒಂದು ಶೆಲ್ ಸ್ಕ್ರಿಪ್ಟ್ ಮಾಡಿ. ನಾಲ್ಕು ಉತ್ತರದ ಫೈಲನ್ನೂ ಡಿಫ್‌ನಲ್ಲಿ ಹೋಲಿಸಿ. ನಿಮ್ಮ ಕೋಡಿನ ಗಾತ್ರಕ್ಕೆ ಎಲ್ಲ ಸೇರಿ ಒಂದು ಲೋಟ ಕಷಾಯ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ನನ್ನಲ್ಲಿ ಹಾಗೇ ಮುಗಿಯಿತು.

ಮುಂದೆ ಯಾವಾಗಲಾದರೂ ಆಲ್ಪೈನ್ ಲಿನಕ್ಸಿನಲ್ಲೂ ಕಟ್ಟಿ ನೋಡಿ. ಅದರ ಮೂಲ ಫೈಲು ಕೆಲವೇ ಎಂಬಿ. ಅಲ್ಲಿ ಸಿ ಲೈಬ್ರರಿಯೇ ಬೇರೆ, ಮಸ್ಲ್ ಅಂತ. ಉಬುಂಟುವಿನ ಗ್ಲಿಬ್‌ಸಿ ಸುಮ್ಮನೆ ಒಪ್ಪಿಕೊಳ್ಳುವ ಕೆಲವನ್ನು ಅದು ಒಪ್ಪುವುದಿಲ್ಲ. ಇದು ಇವತ್ತೇ ಬೇಡ.

ಇವತ್ತು ಮಾಡಬೇಕಾದದ್ದು ಬೇರೆ ಇದೆ. ಕೋಡಿಗೆ ಕೈ ಹಚ್ಚುವ ಮೊದಲು ಪರೀಕ್ಷೆಯ ಫೈಲಿಗೆ 12 ತಾಲ್ಲೂಕಿನ ಹೆಸರನ್ನೂ ಸೇರಿಸಿ. ಜೊತೆಗೆ ದಕ್ಷಿಣ ಕನ್ನಡ, ಒಂದು ಖಾಲಿ ಸಾಲು, ಕನ್ನಡ ಇಂಗ್ಲಿಷ್ ಬೆರೆತ ಒಂದು ಸಾಲು. ಹಳೆ ಕೋಡನ್ನೇ ನಾಲ್ಕು ರೀತಿಯಲ್ಲಿ ಕಟ್ಟಿ, ಮೂರೂ ತಪ್ಪು ನಿಮ್ಮ ಕಣ್ಣೆದುರೇ ಬರಲಿ. ಆಮೇಲೆ ಒಂದೊಂದನ್ನೂ ಬೇರೆ ಬೇರೆ ಕಮಿಟ್ಟಿನಲ್ಲಿ ಸರಿ ಮಾಡಿ. ಅವರಿಗೆ ಬರೆಯುವಾಗ ಜಿಸಿಸಿ, ಕ್ಲ್ಯಾಂಗ್ ಎರಡರ ಆವೃತ್ತಿ ಸಂಖ್ಯೆ, ಹಾಕಿದ ಆಯ್ಕೆಗಳು, ಮೊದಲು ಏನಾಗುತ್ತಿತ್ತು, ಈಗ ಏನಾಗುತ್ತದೆ ಅಂತ ನಾಲ್ಕು ಸಾಲು ಇರಲಿ. ಆ ಅದಲು ಬದಲಿನ ಟಿಪ್ಪಣಿ ಇದ್ದ ಜಾಗದಲ್ಲಿ, ಪದಗಳನ್ನು ಯಾಕೆ ಮೊದಲೇ ಓದಿಟ್ಟುಕೊಂಡಿದ್ದೀರಿ ಅಂತ ಬರೆಯಿರಿ.